ಐನೂರು ಡಾಲರ್ ಕಾರು, ಬೆಲೆಕಟ್ಟಲಾಗದ ಜೀವ

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಕ್ಕನ ಮಗ ನಾಲ್ವರು ಗೆಳೆಯರೊಡನೆ ಹಳೇ ಕಾರು ಕೊಂಡು ರೇಸಿಗೆ ಇಳಿಯುತ್ತಾನೆಂದು ತಿಳಿದಾಗ ಮನೆಮಂದಿಗೆಲ್ಲ ಗಾಬರಿ. "ಮಾಮ, ಅಮ್ಮನಿಗೆ ನೀವೇ ಹೇಳಿ" ಎಂದು ಫೋನಿನಲ್ಲಿ ಗೋಗರೆದ.

ವಿಚಾರಿಸಿದೆ. '24 ಅವರ್ಸ್ ಆಫ್ ಲೆಮನ್ಸ್' ಎಂಬ ಈ ಹವ್ಯಾಸಿ ಸ್ಪರ್ಧೆ 2006ರಲ್ಲಿ ಅಲ್ಲೇ ಆರಂಭವಾದದ್ದು. ಫ್ರಾನ್ಸಿನ ಲೆ ಮಾನ್ಸ್ ಓಟದ ಹೆಸರಿಗೆ ತಮಾಷೆ. ಅಮೆರಿಕದಲ್ಲಿ ಕೆಟ್ಟ ಕಾರಿಗೆ 'ಲೆಮನ್' ಎನ್ನುತ್ತಾರೆ. ಕಾರಿನ ಖರ್ಚು 500 ಡಾಲರ್ ಮೀರಬಾರದು. ಗೆಳೆಯರು ಸರದಿಯಂತೆ ಓಡಿಸಬೇಕು. ಹೆಚ್ಚು ಸುತ್ತು ಮುಗಿಸಿದವರಿಗೆ ಗೆಲುವು. ಹಾಗಾಗಿ ಕಾರು ಕೆಡದೆ ಓಡುವುದೇ ದೊಡ್ಡದು.

ಬ್ಯಾಂಕ್ ಗುಮಾಸ್ತನಾದ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಉರುಳಿದರೆ ಕಾಪಾಡುವ ರೋಲ್ ಕೇಜ್, ಬೆಲ್ಟ್, ಬ್ರೇಕು, ಟೈರುಗಳ ಖರ್ಚು ಆ 500ರಲ್ಲಿ ಸೇರುವುದಿಲ್ಲ. ಜೀವ ಕಾಯುವ ವಸ್ತುವಿಗೆ ಮಿತಿಯಿಲ್ಲ! ಈ ಲೆಕ್ಕ ಸರಿಯೆನಿಸಿತು. "ಖರ್ಚನ್ನು ಐವರೂ ಮೊದಲೇ ಬರೆದು ಹಂಚಿಕೊಳ್ಳಿ, ಕೇಜಿನಲ್ಲಿ ಮಾತ್ರ ಉಳಿತಾಯ ಬೇಡ" ಎಂದೆ.

ಇಲ್ಲಿ ಮುಂಬಯಿಯಲ್ಲಿ ಹುಡುಗರು ರಾತ್ರಿ ರಸ್ತೆಯಲ್ಲೇ ಪಂಥ ಕಟ್ಟಿ ಬೈಕ್ ಓಡಿಸುತ್ತಾರೆ. ಗದರಿದರೆ ಕದ್ದು ಓಡಿಸುತ್ತಾರೆ. ಟ್ರ್ಯಾಕ್, ಹೆಲ್ಮೆಟ್, ನಿಯಮ ಇವೆಯೇ ಎಂದು ಕೇಳುವುದು ಹಿರಿಯರ ಕೆಲಸ. ಅಕ್ಕ ಇನ್ನೂ ಒಪ್ಪಿಲ್ಲ. ಆದರೆ ಮಗ ಮುಚ್ಚಿಡದೆ ಹೇಳಿದನಲ್ಲ, ಅದು ಸಣ್ಣ ಮಾತಲ್ಲ. ನಮ್ಮ ಸಂಘಗಳ ಯುವ ವಿಭಾಗಗಳೂ ಇದನ್ನು ಯೋಚಿಸಲಿ.