ಸೌದೆಯಂಥ ಸೆಲ್ಲು, ಕೆರೆಯಂಥ ಬ್ಯಾಟರಿ

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಣ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವು 2019ರಲ್ಲಿ ಪೂರ್ಣಗೊಂಡಿತು. ಬರದ ಸೀಮೆಯಲ್ಲಿ ಬಿಸಿಲೇ ಒಂದು ಬೆಳೆಯಾಯಿತು. ಆದರೆ ಸೂರ್ಯಾಸ್ತವಾದೊಡನೆ ಆ ಫಲಕಗಳು ನಿಷ್ಕ್ರಿಯವಾಗುತ್ತವೆ. ಇರುಳಿನಲ್ಲಿ ಪಂಪುಸೆಟ್ಟಿನ ಬಳಿಗೆ ಹೊರಡುವ ಮಧುಗಿರಿ, ಶಿರಾ, ಕೊರಟಗೆರೆಗಳ ರೈತನಿಗೆ ಕೈಯಲ್ಲಿನ ಟಾರ್ಚೇ ಆಸರೆ. ಆದುದರಿಂದ ಬ್ಯಾಟರಿಯ ವಿಚಾರವು ನಮಗೆ ಕೇವಲ ಪಠ್ಯಪುಸ್ತಕದ ವಿಚಾರವಲ್ಲ.

ಬ್ಯಾಟರಿಗಳಲ್ಲಿ ಎರಡು ಬಗೆ. ಒಮ್ಮೆ ಬಳಸಿ ಬಿಸುಡುವ ಸಾಮಾನ್ಯ ಸೆಲ್ಲು, ಫ್ರಾನ್ಸಿನ ಲೆಕ್ಲಾಂಷೆ 1866ರಲ್ಲಿ ರೂಪಿಸಿದ ಕೋಶದ ವಂಶಕ್ಕೆ ಸೇರಿದುದು. ಅದರ ಸತುವು ಸವೆದಂತೆ ವಿದ್ಯುತ್ತು ಹೊಮ್ಮುತ್ತದೆ; ಸವೆದ ಸತುವು ಮರಳಿ ಮೊದಲಿನಂತಾಗದು. ಅದು ಒಲೆಗಿಟ್ಟ ಸೌದೆ. ಅದೇ ದೇಶದ ಪ್ಲಾಂಟೆ 1859ರಲ್ಲಿಯೇ ನಿರ್ಮಿಸಿದ ಸೀಸ-ಆಮ್ಲದ ಬ್ಯಾಟರಿಯಾದರೋ ಬೇರೆ ಜಾತಿಯದು. ವಿದ್ಯುತ್ತನ್ನು ಹಿಮ್ಮುಖವಾಗಿ ಹರಿಸಿದರೆ ಅದರೊಳಗಿನ ದ್ರವ್ಯಗಳು ಪೂರ್ವಸ್ಥಿತಿಗೆ ಬರುತ್ತವೆ. ಇಂದಿನ ಮೊಬೈಲಿನ ಲಿಥಿಯಂ-ಅಯಾನ್ ಬ್ಯಾಟರಿಯನ್ನೂ ಹೀಗೆಯೇ ಮತ್ತೆ ಮತ್ತೆ ತುಂಬಬಹುದು. ಇದು ಕೆರೆ.

ಹಾಗೆಂದು ಸೌದೆ ಕೀಳು, ಕೆರೆ ಮೇಲು ಎಂದು ತೀರ್ಪು ಕೊಡುವುದು ತರವಲ್ಲ. ಗೋಡೆಯ ಗಡಿಯಾರಕ್ಕೆ ಬೇಕಾದುದು ಅತ್ಯಲ್ಪ ವಿದ್ಯುತ್ತು. ಅಲ್ಲಿ ಸಾಮಾನ್ಯ ಸೆಲ್ಲು ತಿಂಗಳುಗಟ್ಟಲೆ ದುಡಿಯುತ್ತದೆ. ಪ್ರತಿರಾತ್ರಿ ಉರಿಯುವ ಟಾರ್ಚಿಗೆ, ವಿದ್ಯಾರ್ಥಿನಿಲಯದ ದೀಪಕ್ಕೆ ಮರುಪೂರಣದ ಬ್ಯಾಟರಿಯೇ ಮಿತವ್ಯಯದ ದಾರಿ. ಕೊಳ್ಳುವಾಗ ಬೆಲೆ ಹೆಚ್ಚಾದರೂ ನೂರಾರು ಸಲದ ಬಳಕೆಗೆ ಹಂಚಿದಾಗ ಅದು ಅಗ್ಗವೇ ಸರಿ.

ಆದರೆ ಕೆರೆಗೆ ಹೂಳು ತುಂಬುವುದುಂಟು. ಸೀಸದ ಬ್ಯಾಟರಿಯನ್ನು ಬರಿದಾದ ಸ್ಥಿತಿಯಲ್ಲಿಯೇ ಬಹುಕಾಲ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಗೊಂಡು, ಅದು ಮತ್ತೆ ತುಂಬದಂತಾಗುತ್ತದೆ. ಎಷ್ಟು ಜೋಪಾನ ಮಾಡಿದರೂ ಕೆಲವು ವರ್ಷಗಳ ಬಳಿಕ ಅದನ್ನು ಬದಲಿಸಲೇಬೇಕು. ಸೌರದೀಪವನ್ನು ದಾನ ಮಾಡುವವರು ಈ ಮಾತನ್ನು ಮರೆಯುವುದೇ ಹೆಚ್ಚು. ಫಲಕ ಮಾಡಿನ ಮೇಲೆ ಹೊಳೆಯುತ್ತಿರುತ್ತದೆ. ಕೆಳಗೆ ಮಕ್ಕಳು ಕತ್ತಲೆಯಲ್ಲಿ ಕುಳಿತಿರುತ್ತಾರೆ. ದೀಪ ಕೊಟ್ಟರೆ ಸಾಲದು. ಬ್ಯಾಟರಿ ಬದಲಿಸುವ ವೆಚ್ಚವನ್ನೂ ನಿಧಿಯಾಗಿ ಇರಿಸಿದಾಗಲೇ ಆ ದಾನ ಪೂರ್ಣವಾಗುವುದು.

ಸತ್ತ ಬ್ಯಾಟರಿಯ ಸಂಸ್ಕಾರವೂ ನಮ್ಮ ಹೊಣೆಯೇ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕವಾದ ವಿಷ. ತಿಪ್ಪೆಗೆಸೆದರೆ, ಸುಟ್ಟರೆ, ಮನೆಯಂಗಳದಲ್ಲಿ ಒಡೆದರೆ ಅದು ಮಣ್ಣನ್ನೂ ಗಾಳಿಯನ್ನೂ ಸೇರುತ್ತದೆ. ಭಾರತ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, ಬಳಸಿದ ಬ್ಯಾಟರಿಯನ್ನು ಇತರ ಕಸದಿಂದ ಬೇರ್ಪಡಿಸಿ ಸಂಗ್ರಾಹಕರಿಗೆ ಒಪ್ಪಿಸುವ ಕರ್ತವ್ಯವನ್ನು ಬಳಕೆದಾರನ ಮೇಲೆಯೇ ಹೊರಿಸಿವೆ.

ಪ್ರತಿಯೊಂದು ಶಾಲೆಯಲ್ಲಿಯೂ ಹಳೆಯ ಸೆಲ್ಲುಗಳಿಗಾಗಿ ಒಂದು ಡಬ್ಬವಿರಲಿ. ವಿಜ್ಞಾನದ ಅಧ್ಯಾಪಕರು ಅದರ ಮುಂದೆಯೇ ಈ ಪಾಠವನ್ನು ಹೇಳಲಿ. ಹಿರಿಯ ವಿದ್ಯಾರ್ಥಿಗಳು ಅದನ್ನು ಯೋಗ್ಯ ಸ್ಥಳಕ್ಕೆ ತಲುಪಿಸುವ ಭಾರವನ್ನು ಹೊರಲಿ. ಕೆರೆ ಕಟ್ಟಿಸಿದವರು ಹೂಳೆತ್ತುವುದನ್ನೂ ಚಿಂತಿಸಿದ್ದರಿಂದಲೇ ನಮ್ಮ ಹಿರಿಯರ ಕೆರೆಗಳು ತಲೆಮಾರುಗಳ ಕಾಲ ನೀರುಣಿಸಿದವು. ಬೆಳಕಿನ ವಿಷಯದಲ್ಲಿಯೂ ನಮಗೆ ಅದೇ ವಿವೇಕ ಬೇಕಾಗಿದೆ.