ರಕ್ಕಸನ ಕೂಸಿಗೆ ಯಾವ ಗುಣ?

ಹೋದ ಭಾನುವಾರ ಮಧ್ಯಾಹ್ನ ನಮ್ಮ ಪೀತಮ್‌ಪುರದ ಮನೆಯ ಹಾಲ್‌ನಲ್ಲಿ ಐದು ಹುಡುಗರು ಕಾಗದ, ಪೆನ್ಸಿಲ್, ಇಪ್ಪತ್ತು ಮುಖದ ದಾಳ ಹರಡಿಕೊಂಡು ಕೂತಿದ್ದರು. ನಾನು ಅಡುಗೆಮನೆಯಲ್ಲಿ ಅವರಿಗೆಂದು ಮಂಡಕ್ಕಿಗೆ ಒಗ್ಗರಣೆ ಇಟ್ಟಿದ್ದೆ. ಇದ್ದಕ್ಕಿದ್ದಂತೆ ಗಲಾಟೆ ನಿಂತಿತು. ಐದು ಹುಡುಗರಿರುವ ಮನೆಯಲ್ಲಿ ಸದ್ದು ನಿಂತರೇ ಭಯ. ಇಣುಕಿ ನೋಡುವಷ್ಟರಲ್ಲಿ ಮಗನೇ ಒಳಗೆ ಬಂದ.

“ಅಮ್ಮಾ, ರಾಕ್ಷಸರ ಮಕ್ಕಳನ್ನ ಕೊಂದ್ರೆ ತಪ್ಪಾ?”

ಒಗ್ಗರಣೆ ಸೀದುಹೋಯಿತು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಗೊತ್ತಿಲ್ಲದವರಿಗೆ ಹೀಗೆ ಹೇಳಬಹುದು: ಯಕ್ಷಗಾನದ ಭಾಗವತರಂತೆ ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಅಲ್ಲಲ್ಲೇ ಮಾತು ಕಟ್ಟುತ್ತಾರೆ, ಏಟು ಬಿತ್ತೋ ತಪ್ಪಿತೋ ಎನ್ನುವುದನ್ನು ದಾಳ ಹೇಳುತ್ತದೆ. ನಮ್ಮ ಮನೆಯ ಭಾಗವತ ನನ್ನ ಮಗ. ಹಳ್ಳಿ ದೋಚಿದ ರಾಕ್ಷಸರನ್ನು ವೀರರು ಗುಹೆಯವರೆಗೂ ಅಟ್ಟಿಸಿಕೊಂಡು ಹೋಗಿ ಕೊಂದಿದ್ದಾರೆ. ಒಳಗೆ ನೋಡಿದರೆ ಮೂರು ಮಕ್ಕಳು ಮುದುರಿ ಕೂತಿವೆ. ಒಬ್ಬ ಹುಡುಗ ಕತ್ತಿ ಎತ್ತಿದ್ದಾನೆ: “ಪುಸ್ತಕದಲ್ಲೇ ಕೆಟ್ಟವರು ಅಂತ ಇದೆ. ದೊಡ್ಡವರಾದ ಮೇಲೆ ಇವರೂ ಅಷ್ಟೇ.” ಇನ್ನೊಬ್ಬ ಬೇಡವೆಂದು ಅಡ್ಡ ನಿಂತಿದ್ದಾನೆ.

ಪುಸ್ತಕದಲ್ಲಿ ಇರುವುದೂ ನಿಜ. ಆಟದ ಪ್ರತಿ ಜೀವಿಗೂ ‘ಅಲೈನ್‌ಮೆಂಟ್’ ಎಂಬ ಗುಣಪಟ್ಟಿ ಇರುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಆಟ ಹೊರತಂದಾಗ ಇದ್ದದ್ದು ಮೂರೇ: ನಿಯಮ, ತಟಸ್ಥ, ಅರಾಜಕ. ಪೌಲ್ ಆ್ಯಂಡರ್ಸನ್, ಮೈಕೆಲ್ ಮೂರ್ಕಾಕ್ ಅವರ ಕಾದಂಬರಿಗಳಿಂದ ಬಂದ ಯೋಚನೆ ಅದು. ಆಗ ಅದು ಗುಣಕ್ಕಿಂತ ಹೆಚ್ಚಾಗಿ ಪಕ್ಷ. ಯುದ್ಧದಲ್ಲಿ ನೀನು ಯಾರ ಕಡೆ ಎಂಬ ಪ್ರಶ್ನೆ. 1978ರ ಹೊತ್ತಿಗೆ ಅದಕ್ಕೆ ಒಳ್ಳೆಯದು, ಕೆಟ್ಟದ್ದು ಸೇರಿ, ಮೂರು ಮೂರಲೆ ಒಂಬತ್ತು ಮನೆಗಳಾದವು. ಅಲ್ಲಿಗೆ ಪಕ್ಷ ಹೋಗಿ ಸ್ವಭಾವ ಬಂತು. ಸ್ವಭಾವವನ್ನು ಇಡೀ ಕುಲದ ಹೆಸರಿನ ಮುಂದೆ ಬರೆದಾಯಿತು.

ನಮ್ಮ ರಾಕ್ಷಸ ಆ ಪುಸ್ತಕಕ್ಕೆ 1977ರಲ್ಲೇ ಸೇರಿದ್ದಾನೆ. ಹುಲಿಯ ತಲೆ, ಕೈಯಲ್ಲಿ ಪೈಪು, ಗುಣ ‘ನಿಯಮಬದ್ಧ ಕೆಟ್ಟವ’. ರಾವಣನಿಗೆ ಹತ್ತು ತಲೆ ಇದ್ದರೂ ಹುಲಿಯದು ಒಂದೂ ಇಲ್ಲ, ಇರಲಿ. ನನಗೆ ತಮಾಷೆ ಎನಿಸಿದ್ದು ಬೇರೆ. 2014ರ ಆವೃತ್ತಿಯಲ್ಲಿ ಬರೀ ಹುಲಿಗೆ ಯಾವ ಗುಣವೂ ಇಲ್ಲ. ಪ್ರಾಣಿಗೆ ಧರ್ಮಾಧರ್ಮದ ವಿವೇಚನೆ ಇರುವುದಿಲ್ಲ ಎಂಬ ಲೆಕ್ಕ.

“ಹಾಗಾದ್ರೆ ಪುಣ್ಯಕೋಟಿಯ ಹುಲಿ?” ಎಂದೆ.

ಮಗ ಸುಮ್ಮನಾದ. ಪುಣ್ಯಕೋಟಿಯದು ಸುಲಭ, ಕೊಟ್ಟ ಮಾತಿಗೆ ಪ್ರಾಣ ಕೊಡಲು ಬಂದವಳು, ನಿಯಮಬದ್ಧ ಒಳ್ಳೆಯವಳು. ಆದರೆ ಅರ್ಬುದ ಕಥೆಯ ಮೊದಲಿಗೆ ಹಸಿದ ಹುಲಿಯಷ್ಟೇ. ಹಸು ತಿರುಗಿ ಬಂದು ಎದುರು ನಿಂತಾಗ ತಾನೇ ಪ್ರಾಣ ಬಿಡುತ್ತದೆ. ಅದನ್ನು ಯಾವ ಮನೆಯಲ್ಲಿ ಕೂರಿಸೋಣ? ಮೊದಲ ಪುಟದ್ದರಲ್ಲೋ, ಕೊನೆಯದರಲ್ಲೋ?

ರಾವಣನ ಕಥೆಯೂ ಅಷ್ಟೇ. ದಸರಾ ಬಂದರೆ ಪಶ್ಚಿಮ ದಿಲ್ಲಿಯ ತಿತಾರ್‌ಪುರದ ರಸ್ತೆ ಬದಿಯಲ್ಲಿ ಸಾಲು ಸಾಲು ರಾವಣರು ಸುಡಿಸಿಕೊಳ್ಳಲು ತಯಾರಾಗುತ್ತಾರೆ. ಇದೇ ಎನ್‌ಸಿಆರ್‌ನಲ್ಲಿ, ಗ್ರೇಟರ್ ನೋಯ್ಡಾದ ಬಿಸ್ರಖ್ ಹಳ್ಳಿಯವರು ಅವನು ತಮ್ಮೂರ ಮಗ ಎಂದು ನಂಬಿ ಪ್ರತಿಕೃತಿ ಸುಡುವುದಿಲ್ಲ. ಕನ್ನಡದಲ್ಲಿ ಒಂಬತ್ತು ಶತಮಾನಗಳ ಹಿಂದೆ ನಾಗಚಂದ್ರ ಬರೆದ ರಾಮಚಂದ್ರಚರಿತ ಪುರಾಣದಲ್ಲಿ ರಾಕ್ಷಸ ಎನ್ನುವುದು ವಂಶದ ಹೆಸರು, ಅವರು ವಿದ್ಯಾಧರರು. ಅಲ್ಲಿನ ರಾವಣ ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತ ತೊಟ್ಟವನು, ಎಡವಿದವನು, ಸೀತೆಯ ಸ್ಥಿತಿ ಕಂಡು ಪಶ್ಚಾತ್ತಾಪ ಪಟ್ಟವನು. ಆದರೂ ಯುದ್ಧ ಗೆದ್ದ ಮೇಲೇ ಅವಳನ್ನು ಒಪ್ಪಿಸುತ್ತೇನೆಂಬ ಹಟಕ್ಕೆ ಬಿದ್ದು ಸತ್ತ. ಅವನು ಮಾಡಿದ್ದು ತಪ್ಪಲ್ಲವೆಂದು ಕವಿ ಎಲ್ಲೂ ಹೇಳುವುದಿಲ್ಲ. ತಪ್ಪಿನ ಲೆಕ್ಕವನ್ನು ಅವನ ಹೆಸರಿಗೆ ಬರೆಯುತ್ತಾನೆ, ಕುಲದ ಹೆಸರಿಗಲ್ಲ.

ಆಟದವರಿಗೂ ಇದು ತಡವಾಗಿ ಹೊಳೆದಿದೆ. 2014ರ ಪುಸ್ತಕದಲ್ಲೇ ಗುಣಪಟ್ಟಿ ಬರೀ ಸೂಚನೆ, ಬೇಕಾದರೆ ಬದಲಿಸಿಕೊಳ್ಳಿ ಎಂದಿತ್ತು. 2020ರಲ್ಲಿ ಪ್ರಕಾಶಕರು, ಆರ್ಕ್, ಡ್ರೌ ಮೊದಲಾದವರನ್ನು ಇತರ ಜನರಷ್ಟೇ ಸಂಕೀರ್ಣವಾಗಿ ಚಿತ್ರಿಸುತ್ತೇವೆಂದು ಹೇಳಿಕೆ ಕೊಟ್ಟರು. ಹಳೆಯ ಆಟಗಾರರು ಕೆಲವರು ಗೊಣಗಿದರು: ಶತ್ರು ಯಾರೆಂದು ಗೊತ್ತಿಲ್ಲದೆ ಆಡುವುದು ಹೇಗೆ? ಅವರ ಮಾತನ್ನೂ ತಳ್ಳಿಹಾಕಲಾರೆ. ವಾರವಿಡೀ ಶಾಲೆ, ಟ್ಯೂಷನ್ ಎಂದು ದಣಿದ ಮಕ್ಕಳಿಗೆ ಭಾನುವಾರ ಕತ್ತಿ ಬೀಸಲು ಒಬ್ಬ ಖಳ ಬೇಕು. ಪಟ್ಟಿ ಇದ್ದರೆ ಯೋಚಿಸುವ ಕಷ್ಟ ಇಲ್ಲ.

ಆ ಅನುಕೂಲ ನನಗೂ ಗೊತ್ತು. ದಿಲ್ಲಿಗೆ ಬಂದ ಹೊಸತರಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮಾಲೀಕರು “ಮದ್ರಾಸಿ ಲೋಗ್ ಶರೀಫ್ ಹೋತೇ ಹೈಂ” ಎಂದು ಆಗಲೇ ಕೀಲಿ ಕೊಟ್ಟರು. ಧಾರವಾಡಕ್ಕೂ ಮದ್ರಾಸಿಗೂ ಏನು ಸಂಬಂಧ ಎಂದು ಯಜಮಾನರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಹಿಂದೆಯೇ ಬಂದ ಇನ್ನೊಂದು ರಾಜ್ಯದ ಗಂಡ ಹೆಂಡತಿಯನ್ನು ಅದೇ ಬಾಗಿಲಿಂದ ವಾಪಸ್ ಕಳಿಸಿದರು. “ಆ ಕಡೆಯ ಜನ ಸರಿಯಿಲ್ಲ” ಎಂದರು. ಆಕೆಯ ಕಂಕುಳಲ್ಲಿ ಕೂಸಿತ್ತು. ಕೀಲಿ ನನ್ನ ಕೈಯಲ್ಲಿತ್ತು, ಸುಮ್ಮನಿದ್ದೆ.

ಇದನ್ನು ಮಗನಿಗೆ ಹೇಳಿದ್ದು ಇದೇ ಮೊದಲು. ಅವನು ಸ್ವಲ್ಪ ಹೊತ್ತು ಕಟ್ಟೆಗೆ ಒರಗಿ ನಿಂತು, ಮಂಡಕ್ಕಿಯ ಪಾತ್ರೆ ಎತ್ತಿಕೊಂಡು ಹೊರಗೆ ಹೋದ. ಆ ಮೂರು ಮಕ್ಕಳ ಹಾಳೆಯಲ್ಲಿ ಅಲೈನ್‌ಮೆಂಟ್ ಜಾಗ ಖಾಲಿ ಬಿಟ್ಟು, ಕೆಳಗೆ ಮೂರು ಪ್ರಶ್ನೆ ಬರೆದಿದ್ದನ್ನು ರಾತ್ರಿ ನೋಡಿದೆ: ಇವಕ್ಕೆ ಏನು ಬೇಕು? ಏನು ಕೊಟ್ಟರೂ ಯಾವುದನ್ನು ಮಾಡುವುದಿಲ್ಲ? ಯಾರಿಗೆ ಮಾತು ಕೊಟ್ಟಿವೆ?

ಹುಡುಗರು ಮಕ್ಕಳನ್ನು ಕೊಲ್ಲಲಿಲ್ಲವಂತೆ. ಕರೆದುಕೊಂಡು ಹೋದದ್ದು ಎಲ್ಲಿಗೆ ಎಂದೆ. “ದೋಚಿಸಿಕೊಂಡ ಹಳ್ಳಿಗೇ. ಅಲ್ಲಿಯವರು ಬಾಗಿಲು ತೆಗೀತಾರೋ ಇಲ್ವೋ, ಬರೋ ವಾರ ದಾಳ ಹಾಕಿ ನೋಡ್ಬೇಕು” ಎಂದ.