ಕರುಳಿನ ಶಸ್ತ್ರಚಿಕಿತ್ಸೆಯ ಬಳಿಕ: ಗುಳಿಗೆಯೋ, ಮೊಸರೋ?

ಕರುಳಿನ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡು ಮನೆಗೆ ಮರಳಿದ ರೋಗಿಗೆ ಬಂಧುಮಿತ್ರರಿಂದ ದೊರೆಯುವ ಸಲಹೆಗಳಿಗೆ ಕೊನೆಯಿಲ್ಲ. 'ಪ್ರೋಬಯಾಟಿಕ್ ಗುಳಿಗೆ ಕೊಡಿ, ಕರುಳು ತಾನೇ ಸರಿಹೋಗುತ್ತದೆ' ಎಂಬುದೂ ಈಚೆಗೆ ಅವುಗಳ ಸಾಲಿಗೆ ಸೇರಿದೆ. ಆಸ್ಪತ್ರೆಯ ವೆಚ್ಚದಿಂದ ಆಗಲೇ ಬಸವಳಿದ ಮನೆಯವರು ಇದನ್ನೂ ಕೊಳ್ಳುತ್ತಾರೆ. ಕೊಳ್ಳುವ ಮುನ್ನ, ಅದರಲ್ಲಿರುವ ಸೂಕ್ಷ್ಮಜೀವಿ ಯಾವುದು, ಅದು ಈ ರೋಗಿಯ ಯಾವ ತೊಂದರೆಗೆ ಎಂದು ವೈದ್ಯರನ್ನು ಕೇಳುವುದು ಅವಶ್ಯವೆಂದು ನನ್ನ ಅಭಿಪ್ರಾಯ.

ಒಂದು ಉದಾಹರಣೆಯನ್ನು ನೋಡೋಣ. ದೊಡ್ಡ ಕರುಳಿನಲ್ಲಿ ವಾಸಿಯಾಗದ ಹುಣ್ಣುಗಳಾದಾಗ ಅದನ್ನು ಪೂರ್ಣವಾಗಿ ತೆಗೆದು, ಸಣ್ಣ ಕರುಳಿನ ತುದಿಯನ್ನೇ ಮಡಿಸಿ ಹೊಲಿದು ಚೀಲವೊಂದನ್ನು ರಚಿಸುವ ವಿಧಾನವನ್ನು 1978ರಲ್ಲಿ ಲಂಡನ್ನಿನ ಶಸ್ತ್ರವೈದ್ಯರು ಪ್ರಕಟಿಸಿದರು. ಕೆಲವರಲ್ಲಿ ಈ ಚೀಲವು ಮತ್ತೆ ಮತ್ತೆ ಉರಿಯೂತಕ್ಕೆ ಈಡಾಗುತ್ತದೆ. 2000ದಲ್ಲಿ ಇಟಲಿಯ ವೈದ್ಯರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆಂಟಿಬಯಾಟಿಕ್ ಔಷಧಗಳಿಂದ ಉರಿಯೂತ ಶಮನಗೊಂಡ ಇಂತಹ 40 ರೋಗಿಗಳ ಪೈಕಿ 20 ಮಂದಿಗೆ ಎಂಟು ಬಗೆಯ ಬ್ಯಾಕ್ಟೀರಿಯಾಗಳ ಪುಡಿಯನ್ನೂ ಉಳಿದವರಿಗೆ ಹುಸಿಮದ್ದನ್ನೂ ಒಂಬತ್ತು ತಿಂಗಳ ಕಾಲ ಕೊಡಲಾಯಿತು. ಪುಡಿಯನ್ನು ಸೇವಿಸಿದವರಲ್ಲಿ ಮೂವರಿಗೆ ಮಾತ್ರ ರೋಗ ಮರಳಿತು. ಹುಸಿಮದ್ದಿನ ಇಪ್ಪತ್ತು ಮಂದಿಗೂ ಮರಳಿತು. ಪ್ರಯೋಗ ಚಿಕ್ಕದು, ನಿಜ. ಅಂತರ ಮಾತ್ರ ಚಿಕ್ಕದಲ್ಲ. ದಿನವೊಂದಕ್ಕೆ ಕೊಟ್ಟ ಬ್ಯಾಕ್ಟೀರಿಯಾಗಳ ಸಂಖ್ಯೆ 3 ಲಕ್ಷ ಕೋಟಿ! ಯೋಗರ್ಟಿನ ಅಂತರರಾಷ್ಟ್ರೀಯ ಮಾನಕವು ಕೇಳುವುದು ಗ್ರಾಂ ಒಂದಕ್ಕೆ ಕನಿಷ್ಠ ಒಂದು ಕೋಟಿ, ಅಂದರೆ 200 ಗ್ರಾಮಿನ ಬಟ್ಟಲಿಗೆ 200 ಕೋಟಿ. ನಮ್ಮ ಮನೆಯ ಮೊಸರಿನಲ್ಲಿ ಎಷ್ಟಿವೆ, ಯಾವ ಬಗೆಯವಿವೆ ಎಂಬುದು ಹೆಪ್ಪಿನಿಂದ ಹೆಪ್ಪಿಗೆ ಬೇರೆ. ಇಂತಹ ರೋಗಿಗೆ ಮೊಸರು ಆ ಪುಡಿಯ ಸ್ಥಾನವನ್ನು ತುಂಬಲಾರದು.

ಆದರೆ ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಬಹುಮಂದಿ ಈ ಗುಂಪಿನವರಲ್ಲ. ಗಡ್ಡೆಯ ಕಾರಣದಿಂದಲೋ ಅಡಚಣೆಯ ಕಾರಣದಿಂದಲೋ ಕರುಳಿನ ತುಂಡೊಂದನ್ನು ಕಳೆದುಕೊಂಡವರು, ಹೆಸರೇ ತಿಳಿಯದ 'ಒಳ್ಳೆಯ ಬ್ಯಾಕ್ಟೀರಿಯಾ'ಗಳಿಗಾಗಿ ತಿಂಗಳುಗಟ್ಟಲೆ ಹಣ ತೆರುವುದಕ್ಕೆ ಆಧಾರ ಸಾಲದು. (ಶಸ್ತ್ರಚಿಕಿತ್ಸೆಯ ಹಿಂದುಮುಂದಿನ ದಿನಗಳಲ್ಲಿ ಕೊಟ್ಟಾಗ ಸೋಂಕು ಕಡಮೆಯಾದುದನ್ನು ಕೆಲವು ಪ್ರಯೋಗಗಳು ತೋರಿಸಿವೆ, ಅದು ಶಸ್ತ್ರವೈದ್ಯರೇ ನಿರ್ಧರಿಸತಕ್ಕ ವಿಷಯ.) ವೈದ್ಯರು ಎಂದಿನ ಆಹಾರಕ್ಕೆ ಅನುಮತಿಯಿತ್ತ ಮೇಲೆ ಇವರಿಗೆ ಮೊಸರೇ ಸಾಕು. ಹಾಲಿನ ಸಕ್ಕರೆಯನ್ನು ಅರಗಿಸಲಾರದ ಕರುಳಿಗೂ ಅದು ಹಾಲಿಗಿಂತ ಹಗುರ. ಮೊಸರಿನ ಬ್ಯಾಕ್ಟೀರಿಯಾಗಳೇ ಆ ಸಕ್ಕರೆಯನ್ನು ಒಡೆಯಲು ನೆರವಾಗುತ್ತವೆ. ಹಾಲಿನ ಬೆಲೆಯ ಮೇಲೆ ತಗಲುವ ಹೆಚ್ಚಿನ ವೆಚ್ಚವೆಂದರೆ ಒಂದು ಚಮಚ ಹೆಪ್ಪು. ಮಜ್ಜಿಗೆಹುಳಿಯನ್ನು ಈ ಲೆಕ್ಕಕ್ಕೆ ಹಿಡಿಯಬಾರದು. ಕುದಿದ ಮೇಲೆ ಅದರಲ್ಲಿ ಉಳಿಯುವುದು ರುಚಿಯೇ ಹೊರತು ಬ್ಯಾಕ್ಟೀರಿಯಾಗಳಲ್ಲ.

ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಮಾತ್ರ ವೈದ್ಯರನ್ನು ಕೇಳದೆ ಯಾವ ಪ್ರೋಬಯಾಟಿಕ್ಕನ್ನೂ ಸೇವಿಸಬಾರದು. ಭೇದಿಗೆಂದು ಕೊಡುವ ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟು ಇಂತಹವರ ರಕ್ತವನ್ನು ಸೇರಿ ಪ್ರಾಣಾಪಾಯವನ್ನು ತಂದ ಪ್ರಸಂಗಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ.